ಭಾಂಡುಪಿನ ಸುಗ್ಗಿ ಸವಾಲು

ಮನುಷ್ಯನ ಆತ್ಮಕ್ಕೆ ಬಂದೊದಗುವ ವಿಪತ್ತುಗಳಲ್ಲಿ ಐಶ್ವರ್ಯವೇ ಎಲ್ಲಕ್ಕಿಂತ ದೊಡ್ಡದು. ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ನಾನು ವರ್ಷಗಟ್ಟಲೆ ಈ ಪ್ರಸಂಗ ಮಾಡಿದ್ದೇನೆ. ಆ ವಿಪತ್ತು ಅಲ್ಲಿ ಯಾರಿಗೂ ಇದುವರೆಗೆ ಒದಗಿಲ್ಲವಾದ್ದರಿಂದ ಪ್ರಸಂಗ ಫಲಿಸಿತೆಂದೇ ತಿಳಿಯಬೇಕು. ಅದು ಒದಗಿದ್ದು ಮುಂಬೈಯಲ್ಲಿರುವ ನನ್ನ ತಂಗಿ ವಿಮಲಾಳ ಮನೆಗೆ. ಅದನ್ನು ಕಣ್ಣಾರೆ ಕಂಡು, ಸಾಧ್ಯವಾದರೆ ಅದರ ಪರವಾಗಿ ನಾಲ್ಕು ಮಾತಾಡಿ ಬರಬೇಕೆಂಬ ಕರೆ ಈ ಸಲ ದೀಪಾವಳಿ ಕಳೆದ ಮೇಲೆ ನನಗೆ ಬಂತು.

ಕರೆದವನು ತಂಗಿಯ ಗಂಡ ಸಮಾಧಾನಪ್ಪ. ವೆಲ್ಡಿಂಗ್ ಕೆಲಸಕ್ಕೆಂದು ಬೆಟಗೇರಿ ಬಿಟ್ಟವನು ಈಗ ಜೋಗೇಶ್ವರಿಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡು ಉಡುಪಿ ಹೋಟೆಲುಗಳಿಗೆ ಇಡ್ಲಿ ಸ್ಟೀಮರ್ ಮಾಡಿಕೊಡುತ್ತಾನೆ. ಮುಂಬೈ ಬೆಳಗ್ಗೆ ತಿನ್ನುವ ಇಡ್ಲಿಯಲ್ಲಿ ಒಂದಷ್ಟು ಪಾಲು ಪ್ರೊಟೆಸ್ಟೆಂಟ್ ಉಗಿಯಲ್ಲಿ ಬೆಂದದ್ದು ಎಂಬುದು ತಿನ್ನುವವರಿಗೆ ಗೊತ್ತಿಲ್ಲ. ಫೋನಿನಲ್ಲಿ ಅವನು ನನಗೆ ಎರಡು ಕೆಲಸ ಒಪ್ಪಿಸಿದ. ಒಂದು, ಭಾಂಡುಪಿನ ಕನ್ನಡ ಸಭೆಯ ಸುಗ್ಗಿ ಹಬ್ಬಕ್ಕೆ ಪ್ರಸಂಗ ಮಾಡುವುದು. ಎರಡು, ಅವನ ಹಿರಿಯ ಮಗಳು ಕರುಣಾಳಿಗೆ ಬುದ್ಧಿ ಹೇಳುವುದು.

ಕರುಣಾ ನರ್ಸಿಂಗ್ ಕಲಿತು ಮುಂಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ರಾಯಚೂರು ಕಡೆ ಕುಷ್ಠರೋಗಿಗಳಿಗೆಂದು ನಡೆಯುವ ಒಂದು ಸಣ್ಣ ಕ್ರೈಸ್ತ ಆಸ್ಪತ್ರೆಯಲ್ಲಿ ವಾರ್ಡ್ ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸಮ್ಮ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಯಾರೂ ಬಾರದಿದ್ದರೆ ವಾರ್ಡು ಮುಚ್ಚುವುದೇ ಸರಿ ಎಂದು ನಡೆಸುವವರು ನಿಶ್ಚಯಿಸಿದ್ದರು. ಕರುಣಾ ತಾನು ಹೋಗುತ್ತೇನೆಂದಳು. ಸೋಮವಾರದೊಳಗೆ ಖಚಿತ ಉತ್ತರ ಕೊಡಬೇಕಿತ್ತು. ಇತ್ತ ಸಮಾಧಾನಪ್ಪ ಡಾಕ್ಟರೊಬ್ಬರ ಪಾಲುದಾರಿಕೆಯಲ್ಲಿ ಬಾಂದ್ರಾದಲ್ಲಿ ಚರ್ಮ ಮತ್ತು ಕೂದಲಿನ ಕ್ಲಿನಿಕ್ ತೆರೆಯಲು ಜಾಗ ಹಿಡಿದಿದ್ದ. ಅದನ್ನು ಮಗಳು ನಡೆಸಬೇಕೆಂಬುದು ಅವನ ಆಸೆ.

"ಅಲ್ಲೂ ಚರ್ಮ, ಇಲ್ಲೂ ಚರ್ಮ ಅಲ್ರೀ ಮಾಸ್ತರ?" ಎಂದ. "ಇಲ್ಲಿ ಏಸಿ ಇರ್ತದ, ಅಷ್ಟ ಫರಕ್. ನೀವು ಹೇಳಿದ್ರ ಕೇಳ್ತಾಳ ಆಕಿ."

ಬರುತ್ತೇನೆಂದೆ. ಬಂದು ಏನು ಹೇಳುತ್ತೇನೆಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗುರುವಾರ ಗದಗದಲ್ಲಿ ರೈಲು ಹತ್ತಿದೆ. ಏಸಿ ಟಿಕೆಟ್ ಕಳಿಸುತ್ತೇನೆಂದು ಸಮಾಧಾನಪ್ಪ ಹಟ ಹಿಡಿದಿದ್ದ. ನಾನು ಸ್ಲೀಪರಿನಲ್ಲೇ ಹೋದೆ. ಇದನ್ನು ಸರಳ ಜೀವನವೆಂದು ಯಾರೂ ಭಾವಿಸಬಾರದು. ಏಸಿ ಡಬ್ಬಿಯಲ್ಲಿ ನನಗೆ ನೆಗಡಿಯಾಗುತ್ತದೆ. ವಯಸ್ಸಾದವರಿಗೆ ರೈಲ್ವೆ ಕೊಡುತ್ತಿದ್ದ ರಿಯಾಯಿತಿ ಈಗ ಇಲ್ಲವಾದ್ದರಿಂದ ನನ್ನ ಎದುರಿಗೆ ಕೂತ ಕಾಲೇಜು ಹುಡುಗನಷ್ಟೇ ದರ ಕೊಟ್ಟೆ, ಅವನಿಗಿಂತ ಕಡಿಮೆ ನಿದ್ದೆ ಮಾಡಿದೆ. ಬಾಗಲಕೋಟೆಯಲ್ಲಿ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ವಿಜಯಪುರದಲ್ಲಿ ಹತ್ತಿದ ಗೃಹಸ್ಥರೊಬ್ಬರು ಫೋನಿನಲ್ಲಿ ಹೆಂಡತಿಯ ಜೊತೆ ದಖನಿಯಲ್ಲಿ ಜಗಳ ಮುಗಿಸಿ, ನನ್ನ ಜೊತೆ ಕನ್ನಡದಲ್ಲಿ ಸ್ನೇಹ ಬೆಳೆಸಿದರು. ಜೋಗೇಶ್ವರಿಯಲ್ಲಿ ಅವರದು ಗಾದಿ ಹೊಲಿಯುವ ದುಕಾನ. ಬೆಳಗಾದರೆ ಶುಕ್ರವಾರ, ನಮಾಜಿಗೆ ಹೊತ್ತಾಗುವುದಿಲ್ಲವೇ ಎಂದು ಕೇಳಿದೆ.

"ಮಧ್ಯಾಹ್ನ ದುಕಾನ ಬಂದ್ ಮಾಡಿದ್ನೆಪ್ಪಾ ಅಂದ್ರ ಬಾಜೂದಾಂವ ಗಿರಾಕಿ ಎಳಕೊಂಡು ಹೊಕ್ಕಾನ್ರಿ," ಎಂದರು. "ಅವನೂ ನಮ್ಮಾವನ. ಅವ ಬಂದ್ ಮಾಡಿದ್ರ ನಾನೂ ಮಾಡ್ತೀನಿ. ನಾ ಮಾಡಿದ್ರ ತಾನೂ ಮಾಡ್ತೀನಿ ಅಂತಾನ ಅವ."

ನಮ್ಮಿಬ್ಬರ ಧರ್ಮಗಳ ನಡುವೆ ನಾನು ಎಣಿಸಿದ್ದಕ್ಕಿಂತ ಹೆಚ್ಚಿನ ಸಾಮ್ಯವಿದೆಯೆಂದು ಮನಗಂಡು ಮಲಗಿದೆ.

ಶುಕ್ರವಾರ ಠಾಣೆಯಲ್ಲಿ ಇಳಿದು ಐದು ರೂಪಾಯಿ ಕೊಟ್ಟು ಲೋಕಲ್ ಹಿಡಿದೆ. ಮುಲುಂಡ್, ನಾಹೂರ್, ಮುಂದೆ ಭಾಂಡುಪ್. ಭಾಂಡುಪಿನಲ್ಲಿ ನಾನು ಇಳಿಯಲಿಲ್ಲ, ನೂಕುನುಗ್ಗಲಿನಲ್ಲಿ ಇಳಿಸಲ್ಪಟ್ಟೆ. ಸಮಾಧಾನಪ್ಪ ಮೊದಲಿದ್ದ ವಠಾರದಂಥ ಚಾಳ್ ಸ್ಟೇಷನ್ನಿನ ಹತ್ತಿರವಿತ್ತು. ಈಗಿನ ಮನೆ, ಹಳೆಯ ಕಾರ್ಖಾನೆಯೊಂದನ್ನು ಕೆಡವಿ ಕಟ್ಟಿದ ಬಿಲ್ಡಿಂಗಿನ ಹತ್ತೊಂಬತ್ತನೆಯ ಮಹಡಿ. ಹಾಲಿನಲ್ಲಿ ಗೋಡೆಗಿಂತ ಸ್ವಲ್ಪವೇ ಚಿಕ್ಕದಾದ ಟೀವಿ ಇತ್ತು. ಮದುವೆಯಲ್ಲಿ ನಾನೇ ಕೊಟ್ಟಿದ್ದ ದೇವರ ವಾಕ್ಯದ ಫಲಕದ ಮೊದಲರ್ಧ ಅದರ ಹಿಂದೆ ಹೋಗಿತ್ತು. ಮೊದಲರ್ಧದಲ್ಲಿ ಷರತ್ತೂ ಉಳಿದರ್ಧದಲ್ಲಿ ಆಶೀರ್ವಾದವೂ ಇದ್ದುದರಿಂದ ಯಾರಿಗೂ ತೊಂದರೆಯಾದಂತಿರಲಿಲ್ಲ.

ವಿಮಲಾ ಚಹಾ ಕೊಟ್ಟು ಎದುರಿಗೆ ಕೂತು, ತಾನು ಇದರಲ್ಲಿ ಬಾಯಿ ಹಾಕುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಳು. ಗಂಡನದೂ ಸುಳ್ಳಲ್ಲ, ಮಗಳದೂ ಸುಳ್ಳಲ್ಲ, ನಡುವೆ ತನ್ನ ಬಿಪಿ ಮಾತ್ರ ಖರೆ ಎಂದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಕರುಣಾ, ತರಕಾರಿ ತರುವ ನೆಪದಲ್ಲಿ ನನ್ನನ್ನು ಹೊರಗೆ ಕರೆದೊಯ್ದಳು. ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಗುಟ್ಟು ಮಾತಾಡಲು ಇಬ್ಬರೂ ಕೂಗಬೇಕಾಯಿತು. ಹುಟ್ಟಿದ್ದು ಇಲ್ಲೇ ಆದ್ದರಿಂದ ಅವಳ ಕನ್ನಡ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತದೆ.

"ಮಾಮಾ, ನೀವು ನನಗ ಸಮಝಾಯ್ಸಾಕ ಬಂದೀರಿ. ಪತಾ ಅದ ನನಗ."

"ಕೇಳಾಕ ಬಂದೀನಿ. ಹೇಳು."

ಕಲಿಯುವಾಗ ಒಂದು ತಿಂಗಳು ಆ ವಾರ್ಡಿನಲ್ಲಿ ಇದ್ದಳಂತೆ. ಅಲ್ಲಿ ಬಸಮ್ಮ ಎಂಬ ಮುದುಕಿ. ಬೆರಳಿಲ್ಲ, ಪಾದಕ್ಕೆ ಸ್ಪರ್ಶವೂ ಇಲ್ಲ. ಇವಳು ದಿನಾ ಅವಳ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದಳು.

"ಡೇಲೀ ಆಕಿ ನನಗ ಹೇಳ್ತಿದ್ಳು, ನಿನ್ನ ಕೈ ಎಷ್ಟು ಬೆಚ್ಚಗ ಅದಾವಲ್ಲ ಮಗಳ, ಅಂತ. ಆಕಿಗೆ ಬಿಸಿ ಥಂಡಿ ಕುಛ್ ಭೀ ಗೊತ್ತಾಗಂಗಿಲ್ಲ, ಮಾಮಾ. ಸುಳ್ಳು ಹೇಳ್ತಿದ್ಳು. ನನಗ ಛಲೋ ಅನಸ್ಲಿ ಅಂತ." ಸ್ವಲ್ಪ ಹೊತ್ತು ಬೆಂಡೆಕಾಯಿ ಆರಿಸಿದಳು. "ಇಲ್ಲಿ ಪೇಶಂಟ್ ಎಲ್ಲಾ ನನ್ನ ಮ್ಯಾಲ ರೇಟಿಂಗ್ ಹಾಕ್ತಾರ."

ಹಾಗಾದರೆ ಹೋಗು ಎಂದೆ. ಇಪ್ಪತ್ತಾರು ವರ್ಷದವಳು, ಸ್ವಂತ ಸಂಬಳ, ತಡೆಯುವವರು ಯಾರು ಎಂದೂ ಕೇಳಿದೆ.

"ಪಪ್ಪಾ ಕೊಟ್ರ ಹೋಗ್ತೀನಿ. ಭಾಗ್ ಕೇ ನಹೀ. ಓಡಿ ಹೋದ್ರ ಅದು ನನ್ನ ಝಿದ್ ಆಗ್ತದ, ಮಾಮಾ. ಕಾಣಿಕಿ ಆಗಂಗಿಲ್ಲ."

ಈ ಕಾಲದಲ್ಲಿ ಯಾರಾದರೂ ಇಂಥ ಮಾತಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ನನ್ನ ಎಲ್ಲ ಪ್ರಸಂಗಗಳೂ ಬೆಂಡೆಕಾಯಿಯ ಗಾಡಿಯ ಮುಂದೆ ಸಣ್ಣದಾದವು. ಭಾನುವಾರ ವೇದಿಕೆಯಿಂದಲೇ ಅವಳ ಅಪ್ಪನಿಗೆ ಹೇಳುತ್ತೇನೆ, ಅಲ್ಲಿ ಅವನು ನಡುವೆ ಬಾಯಿ ಹಾಕುವಂತಿಲ್ಲ ಎಂದು ಮಾತು ಕೊಟ್ಟೆ.

ಶನಿವಾರ ಸಮಾಧಾನಪ್ಪ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಲೋಕಲಿನಲ್ಲಿ ದಾದರ್‌ಗೆ ಹೋಗಿ ಸೇತುವೆ ದಾಟಿ ಇನ್ನೊಂದು ಗಾಡಿ ಹಿಡಿದರೆ ಹತ್ತು ರೂಪಾಯಿಯಲ್ಲಿ ಮುಗಿಯುವ ಪ್ರಯಾಣ. ಕಾರಿನಲ್ಲಿ ಅರ್ಧ ದಿನ ಹಿಡಿಯಿತು. ಐಶ್ವರ್ಯವು ಮನುಷ್ಯನಿಗೆ ಸಹನೆಯನ್ನು ಕಲಿಸುತ್ತದೆಂಬುದಕ್ಕೆ ಪೊವಾಯಿ ಕೆರೆಯ ಪಕ್ಕದ ಟ್ರಾಫಿಕ್ಕೇ ಸಾಕ್ಷಿ.

ಜೋಗೇಶ್ವರಿಯ ವರ್ಕ್‌ಶಾಪಿನಲ್ಲಿ ಮಾತು ಕೇಳಿಸುವುದಿಲ್ಲ, ಉಕ್ಕಿನ ಹಾಳೆಗಳ ಕೂಗು ಮಾತ್ರ. ಮೂಲೆಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಒಂದು ಹೊಸ ಸ್ಟೀಮರ್ ಇತ್ತು. ವರ್ಷದ ಮೊದಲ ಸ್ಟೀಮರನ್ನು ಮಾರದೆ ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಕೊಡುವುದು ಅವನ ಪದ್ಧತಿ. ನಮ್ಮ ಸಭೆಗಳಲ್ಲಿ ಹಾಗೆಯೇ: ಬೆಳೆಯ ಪ್ರಥಮ ಫಲವನ್ನು ದೇವರಿಗೆ ಒಪ್ಪಿಸಿ, ಆರಾಧನೆಯ ನಂತರ ಅದನ್ನು ಹರಾಜು ಹಾಕಿ, ಬಂದ ಹಣವನ್ನು ಸಭೆಗೆ ಸೇರಿಸುತ್ತಾರೆ. ಆದರೆ ಭಾಂಡುಪಿನಲ್ಲಿ ಹೋಟೆಲಿನ ಸ್ಟೀಮರ್ ಯಾರಿಗೆ ಬೇಕು? ಆದ್ದರಿಂದ ಪ್ರತಿ ವರ್ಷ ಸಮಾಧಾನಪ್ಪನೇ ಎಲ್ಲರಿಗಿಂತ ಹೆಚ್ಚು ಕೂಗಿ ಅದನ್ನು ಮರಳಿ ಕೊಳ್ಳುತ್ತಾನೆ, ಸೋಮವಾರ ಯಾವುದಾದರೂ ಹೋಟೆಲಿಗೆ ಮಾರುತ್ತಾನೆ.

"ದೇವರಿಗೂ ಮುಟ್ತು, ಧಂದಾನೂ ನಿಲ್ಲಲಿಲ್ಲ," ಎಂದು ವಿವರಿಸಿದ. ಅವನ ದನಿಯಲ್ಲಿ ಕಪಟದ ಲವಲೇಶವೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಊಟ ಬಾಂದ್ರಾದಲ್ಲಿ, ಅವನ ಗಿರಾಕಿಯೊಬ್ಬರ ಉಡುಪಿ ಹೋಟೆಲಿನಲ್ಲಿ. ಮಾಲೀಕರು ತಾವೇ ಬಂದು ಬಡಿಸಿದರು. "ಸಮಾಧಾನಣ್ಣ ಇಲ್ಲದಿದ್ರೆ ಬಾಂದ್ರಾಕ್ಕೆ ಇಡ್ಲಿ ಉಂಟಾ ಮಾರಾಯ್ರೆ?" ಎಂದರು. ನನ್ನನ್ನು ಪಾದ್ರಿಯೆಂದು ತಿಳಿದು ಬಿಲ್ ತೆಗೆದುಕೊಳ್ಳಲಿಲ್ಲ. ಪಾದ್ರಿಯಲ್ಲವೆಂದು ತಿಳಿಸುವುದನ್ನು ಕೇಸರಿಬಾತ್ ಮುಗಿಯುವವರೆಗೆ ಮುಂದೂಡಿದೆ, ಆಮೇಲೆ ಮರೆತೆ.

ಕ್ಲಿನಿಕ್ ಅಲ್ಲಿಂದ ಎರಡು ಗಲ್ಲಿ ಆಚೆ. ಬಿಳಿ ಕುರ್ಚಿಗಳು, ಎಲ್ಲೆಲ್ಲೂ ಕನ್ನಡಿ. ಒಳಗೆ ಎಲ್ಲಿ ನಿಂತರೂ ನನ್ನನ್ನೇ ನಾನು ನೋಡಬೇಕಾಗಿ ಬಂದು ಬೇಗ ಹೊರಗೆ ಬಂದೆ. ಬಾಗಿಲ ಮೇಲೆ ದೀಪದ ಅಕ್ಷರಗಳಲ್ಲಿ ಮಗಳ ಹೆಸರಿತ್ತು. ಸಮಾಧಾನಪ್ಪ ಅದನ್ನೇ ನೋಡುತ್ತಾ ನಿಂತಿದ್ದ.

"ಈ ರೋಡಿನ ಫುಟ್‌ಪಾತ್ ಮ್ಯಾಲ ಮಲಗೀನ್ರಿ ನಾ, ಹೊಸದಾಗಿ ಬಂದಾಗ," ಎಂದ. "ಪೊಲೀಸರು ಕಾಲಿಲೆ ಒದ್ದು ಎಬ್ಬಸ್ತಿದ್ರು. ಅದ ರೋಡಿನಾಗ ಆಕಿ ಹೆಸರು ಹಚ್ಚೀನಿ. ಈಗ ಆಕಿ ಹೋಗಿ ಮಂದಿ ಕಾಲು ತೊಳೀಬೇಕೇನ್ರಿ ಮಾಸ್ತರ?"

ತೊಳೆಯಬೇಕು, ನಮ್ಮ ಗುರುವೇ ತನ್ನ ಶಿಷ್ಯರ ಕಾಲು ತೊಳೆದಿದ್ದಾನೆ ಎಂಬ ಉತ್ತರ ಬಾಯಿಗೆ ಬಂತು. ಅವನ ಕಣ್ಣು ನೋಡಿ ನುಂಗಿದೆ. ಹೇಗೂ ನಾಳೆ ವೇದಿಕೆ ನನ್ನದೇ.

ಭಾನುವಾರ ಮಧ್ಯಾಹ್ನ ಆರಾಧನೆ. ಬೆಳಗ್ಗೆ ಮರಾಠಿ ಸಭೆಯವರು ಬಳಸಿದ ಚರ್ಚ್ ಹಾಲನ್ನು ಮಧ್ಯಾಹ್ನ ನಮ್ಮವರಿಗೆ ಕೊಡುತ್ತಾರೆ. ಬಿಸಿಲು ಜೋರಿತ್ತು, ಫ್ಯಾನುಗಳು ಮರಾಠಿ ಸಭೆಯಲ್ಲಿಯೇ ದಣಿದಿದ್ದವು. ಮುಂದಿನ ಮೇಜಿನ ಮೇಲೆ ಪ್ರಥಮ ಫಲಗಳಿದ್ದವು: ಭಾಂಡುಪಿನ ಮಾರ್ಕೆಟ್ಟಿನಲ್ಲಿ ಬೆಳೆದ ಕುಂಬಳಕಾಯಿ, ಬಾಲ್ಕನಿಯ ಕುಂಡದ ಒಂದು ಹಿಡಿ ಮೆಣಸಿನಕಾಯಿ, ಪಾವ್ ಪಾಕೀಟುಗಳು, ಕಾಲು ಕಟ್ಟಿದ ಒಂದು ಕೋಳಿ, ರಿಬ್ಬನ್ ಕಟ್ಟಿದ ಸ್ಟೀಮರ್. ಪ್ರಸಂಗದ ಉದ್ದಕ್ಕೂ ಕೋಳಿಯೊಂದೇ ನನ್ನನ್ನು ರೆಪ್ಪೆ ಮಿಟುಕಿಸದೆ ನೋಡಿತು.

ಕೊಟ್ಟ ಮಾತಿನಂತೆ ಹೇಳಿದೆ. ಪ್ರಥಮ ಫಲವೆಂದರೆ ಕಾಯಿಪಲ್ಯವಲ್ಲ, ಬಿಟ್ಟುಕೊಡಲು ಎದೆ ಹಿಂಡುವಂಥದ್ದು ಎಂದೆ. ಮಕ್ಕಳನ್ನು ದೇವರಿಂದ ಬೇಡಿ ಪಡೆದು, ಅವನು ಕೇಳಿದಾಗ ಬಾಗಿಲು ಹಾಕಿಕೊಳ್ಳುವ ತಂದೆತಾಯಿಗಳ ಬಗ್ಗೆ ಸಮಾಧಾನಪ್ಪನ ಮುಖ ನೋಡಿಯೇ ಹೇಳಿದೆ. ಅವನು ತಲೆಯಾಡಿಸುತ್ತಿದ್ದ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಾಸ್ತರಿಕೆ ಮಾಡಿದ ನಾಲಿಗೆ. ತಿಳಿದದ್ದನ್ನೆಲ್ಲ ಹೇಳದೆ ಬಿಡದು. ಪೂರ್ವಕಾಲದ ಇಸ್ರಾಯೇಲ್ಯರು ಚೊಚ್ಚಲು ಮಗುವನ್ನು ದೇವರದೆಂದು ಎಣಿಸುತ್ತಿದ್ದರು, ಆಮೇಲೆ ಗೊತ್ತಾದ ಬೆಲೆ ತೆತ್ತು ಅದನ್ನು ಬಿಡಿಸಿಕೊಳ್ಳುತ್ತಿದ್ದರು ಎಂಬ ಐತಿಹಾಸಿಕ ಮಾಹಿತಿಯನ್ನೂ ಸೇರಿಸಿದೆ. ಪ್ರಸಂಗಕ್ಕೆ ಅದರ ಅವಶ್ಯಕತೆ ಇರಲಿಲ್ಲ.

ಕಡೆಯ ಕೀರ್ತನೆಯ ಮೊದಲು ಸಭೆಯ ಕಾರ್ಯದರ್ಶಿ ಯೋಹಾನಪ್ಪ ಪ್ರಕಟಣೆಗೆ ಎದ್ದರು. ಇಲ್ಲಿ ಎಲ್ಲರೂ ಹರಾಜಿಗೆ ಮರಾಠಿಯಂತೆ ಲಿಲಾವ್ ಎನ್ನುತ್ತಾರೆ. ಬೆಟಗೇರಿಯಿಂದ ಬಂದ ಅತಿಥಿಯ ಗೌರವಾರ್ಥ ಯೋಹಾನಪ್ಪ ಆ ದಿನ ಊರಿನ ಶಬ್ದವನ್ನೇ ನೆನಪಿಸಿಕೊಂಡು ಬಳಸಿದರು: ಆರಾಧನೆ ಮುಗಿದ ಕೂಡಲೇ ಸವಾಲು ಇರುತ್ತದೆ, ಯಾರೂ ಹೋಗಬಾರದು. ನಮ್ಮ ಕಡೆ ಸವಾಲು ಎಂದರೆ ಹರಾಜು. ಮುಂಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಅದು ಹಿಂದಿಯ ಸವಾಲ್, ಅಂದರೆ ಪ್ರಶ್ನೆ. ಪ್ರಸಂಗಿಗೆ ಪ್ರಶ್ನೆ ಕೇಳುವ ಹೊಸ ಕಾರ್ಯಕ್ರಮವೆಂದು ಅವರು ತಿಳಿದರು. ಹಿಂದಿನ ಸಾಲಿನ ಹುಡುಗರು ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ನಾನೂ ಕಂಡೆ, ಕಾರಣ ಹೊಳೆಯಲಿಲ್ಲ.

ಆಶೀರ್ವಾದವಾಯಿತು. ಯೋಹಾನಪ್ಪ ಮೇಜಿನ ಪಕ್ಕ ನಿಂತು, ಸವಾಲು ಶುರು, ಮೊದಲು ಯಾರು ಎಂದರು. ಕರುಣಾ ಎದ್ದು ನಿಂತಳು.

"ನಂದು ಸವಾಲ್ ಅದ, ಅಂಕಲ್."

ಇನ್ನೂ ವಸ್ತುವನ್ನೇ ಎತ್ತಿರಲಿಲ್ಲ. ಹಿರಿಯರಿಗೆ ನಗು ಬಂತು. "ಅಪ್ಪನ ಮಗಳು ಹೌದು ನೋಡ್ರಿ," ಎಂದು ಯಾರೋ ಅಂದರು. ಯೋಹಾನಪ್ಪ ಕೇಳಿದರು, "ಎಷ್ಟವ್ವಾ ನಿಂದು?"

"ಒಂದ ಅದ, ಅಂಕಲ್."

ಇದಕ್ಕೆ ಇನ್ನೂ ದೊಡ್ಡ ನಗು. ಅವಳು ಕೆಂಪಾದಳು, ಆದರೆ ಕೂರಲಿಲ್ಲ. ಅಪ್ಪನ ಕಡೆ ತಿರುಗಿದಳು. ಅದುವರೆಗೆ ಅವಳ ಬಾಯಲ್ಲಿ ಅಷ್ಟು ನೆಟ್ಟಗಿನ ಕನ್ನಡವನ್ನು ನಾನು ಕೇಳಿರಲಿಲ್ಲ. ಮನಸ್ಸಿನಲ್ಲೇ ಹೇಳಿ ಹೇಳಿ ಸಿದ್ಧ ಮಾಡಿಕೊಂಡಿದ್ದಳು.

"ಪಪ್ಪಾ, ಮೊದಲನೇದು ದೇವರದು ಅಂತ ನೀವ ಕಲಿಸಿದ್ರಿ. ಮೊದಲನೇ ಸ್ಟೀಮರ್ ಕೊಡ್ತೀರಿ. ನಾನು ಮೊದಲನೇ ಮಗಳು. ನನ್ನ ಯಾಕ ಕೊಡವಲ್ಲಿರಿ?"

ನಗು ನಿಂತಿತು. ಸಮಾಧಾನಪ್ಪ ಎದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು, ನಾಟಕದ ನೀರಲ್ಲ. ಗೆದ್ದೆವೆಂದು ನನಗೆ ಒಂದು ಗಳಿಗೆ ಅನ್ನಿಸಿತು. ಜೀವಮಾನದಲ್ಲಿ ಒಂದು ಪ್ರಸಂಗ ನಿಜವಾಗಿ ಫಲ ಕೊಡುವುದನ್ನು ನೋಡುತ್ತಿದ್ದೇನೆಂದು ಕುರ್ಚಿಯ ಕೈ ಹಿಡಿದುಕೊಂಡೆ.

"ಖರೆ ಅದ, ಮಗಳ," ಎಂದ. "ನೀ ದೇವರಾಕೀನ. ನಾ ಇಲ್ಲ ಅನ್ನಂಗಿಲ್ಲ." ಆಮೇಲೆ ನನ್ನ ಕಡೆ ಕೈಮುಗಿದ. "ಮಾಸ್ತರು ಈಗ ಹೇಳಿದ್ರಲ್ಲ, ಚೊಚ್ಚಲು ಕೂಸನ್ನ ಬೆಲಿ ಕೊಟ್ಟು ಬಿಡಿಸ್ಕೊಬಹುದು ಅಂತ. ನಾ ನನ್ನ ಮಗಳನ್ನ ಬಿಡಿಸ್ಕೋತೀನಿ. ಆ ದವಾಖಾನಿಗೆ ಐದು ಲಕ್ಷ. ಈ ಹಾಲಿಗೆ ಏಸಿ."

ಯೋಹಾನಪ್ಪನವರದು ಕೆಟ್ಟ ಉದ್ದೇಶವಲ್ಲ. ವರ್ಷಾನುಗಟ್ಟಲೆ ಅದೇ ಮೇಜಿನ ಪಕ್ಕ ನಿಂತು ಅದನ್ನೇ ಹೇಳಿದವರು. ಮೊತ್ತ ಕಿವಿಗೆ ಬಿದ್ದೊಡನೆ ಬಾಯಿ ತಾನಾಗಿ ತೆರೆಯಿತು. ಒಂದನೇ ಸಾರಿ, ಎಂದರು. ಎರಡನೇ ಸಾರಿ, ಎಂದರು. ಅಷ್ಟರಲ್ಲಿ ತಾವೇನು ಹರಾಜು ಹಾಕುತ್ತಿದ್ದೇವೆಂದು ಹೊಳೆದು ನಿಲ್ಲಿಸಿದರು. ಆದರೆ ಮೂರನೆಯದನ್ನು ಸಭೆಯೇ ಚಪ್ಪಾಳೆಯಲ್ಲಿ ಹೇಳಿತು.

ನಾನು ಎದ್ದು, ಅದು ಹಾಗಲ್ಲ, ಸಮಾಧಾನಪ್ಪ, ನಾನು ಹೇಳಿದ್ದರ ಅರ್ಥ ಬೇರೆ ಎಂದೆ. ಎರಡು ಸಲ ಎಂದೆ. ಆ ಸಭೆಯ ಪಾಸ್ಟರ್ ಅದನ್ನು ಪ್ರಾರ್ಥನೆಯ ಆರಂಭವೆಂದು ತಿಳಿದು ಕಣ್ಣು ಮುಚ್ಚಿ, ಇಂಥ ಉದಾರ ಹೃದಯಕ್ಕಾಗಿ ಸ್ತೋತ್ರ ಸಲ್ಲಿಸತೊಡಗಿದರು. ಪ್ರಾರ್ಥನೆಯ ನಡುವೆ ವಾದ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರೂ ಆಮೆನ್ ಎಂದರು. ಕರುಣಾಳ ತುಟಿಯೂ ಅಲುಗಿತು. ಆಮೇಲೆ ಕುಂಬಳಕಾಯಿ ಎತ್ತಿದರು.

ಸಂಜೆ ಸಮಾಧಾನಪ್ಪನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದೆ. ದೇವರಿಗೆ ಬೇಕಾದದ್ದು ಬೆಲೆಯಲ್ಲ, ಅವಳು ಎಂದೆ. ಅಲ್ಲಿಯ ರೋಗಿಗಳಿಗೂ ಬೇಕಾದದ್ದು ಅವಳೇ ಎಂದೆ. ಅವನು ಎಲ್ಲ ಕೇಳಿ, ನೊಂದುಕೊಂಡು, ವೇದಿಕೆಯ ಮೇಲೆ ಒಂದು, ಮನೆಯಲ್ಲಿ ಒಂದು ಹೇಳಿದರೆ ತನ್ನಂಥ ಓದದವನು ಯಾವುದನ್ನು ಹಿಡಿಯಬೇಕು ಎಂದು ಕೇಳಿದ. ನಾನು ಅವನನ್ನು ಮಣಿಸಲು ಬಳಸಬಹುದಾದ ಪ್ರತಿಯೊಂದು ವಾಕ್ಯವನ್ನೂ ಅವನು ಕೊಂಡುಕೊಳ್ಳಬಲ್ಲವನಾಗಿದ್ದ.

ಕರುಣಾ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕೆಳಗೆ ಲೋಕಲ್ ಗಾಡಿಗಳು ಎದುರುಬದುರಾಗಿ ಹೋಗುತ್ತಿದ್ದವು. ಈಗಲೂ ಕಾಲ ಮಿಂಚಿಲ್ಲ, ನನ್ನ ಜೊತೆ ನಾಳೆಯ ರೈಲಿಗೆ ನಡೆ, ಸೊಲ್ಲಾಪುರದಲ್ಲಿ ಇಳಿದು ರಾಯಚೂರಿನ ಗಾಡಿ ಹಿಡಿಯೋಣ ಎಂದೆ.

"ಇಲ್ಲ, ಮಾಮಾ," ಎಂದಳು. "ಎಲ್ಲರ ಮುಂದ ಪಪ್ಪಾ ಕೊಂಡ್ಕೊಂಡಾರ. ಈಗ ಹೋದ್ರ ಚೋರಿ ಮಾಡಿದಂಗ ಆಗ್ತದ." ಒಂದು ಅಂಗಿ ಮಡಚಿಟ್ಟು, "ನಾ ಪ್ರಶ್ನಾ ಕೇಳಬಾರದಿತ್ತು," ಎಂದಳು.

ತಪ್ಪು ನಿನ್ನದಲ್ಲ, ಶಬ್ದದ್ದು ಎಂದು ಹೇಳಹೊರಟವನು ಅವಳ ಜೊತೆ ಬಟ್ಟೆ ಮಡಚತೊಡಗಿದೆ. ಭಾಷಾಶಾಸ್ತ್ರದಿಂದ ಸಮಾಧಾನ ಸಿಗುವ ಹೊತ್ತಲ್ಲ ಅದು.

ಸೋಮವಾರ ವಿಮಲಾ ಠಾಣೆಯವರೆಗೆ ಬಂದು ಬುತ್ತಿಯ ಗಂಟು ಕೈಗಿತ್ತಳು. ಗಾಡಿ ಕಲ್ಯಾಣ ದಾಟುವವರೆಗೂ ಎರಡೂ ಕಡೆ ಬಿಲ್ಡಿಂಗುಗಳ ದೀಪಗಳಿದ್ದವು. ಆಮೇಲೆ ಘಾಟಿನ ಕತ್ತಲು. ಪ್ರಾರ್ಥನೆ ಮಾಡಲು ಕೂತೆ. ಯಾರ ಪರವಾಗಿ, ಏನನ್ನು ಕೇಳಬೇಕೆಂದು ತಿಳಿಯದೆ ಕೂತಿರುವಾಗಲೇ ಪುಣೆ ಬಂತು.

ಸಮಾಧಾನಪ್ಪನ ಹಣ ಆ ವಾರವೇ ಆಸ್ಪತ್ರೆಗೆ ತಲುಪಿತು. ಕರುಣಾ ಬಾಂದ್ರಾದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ನರ್ಸ್ ಸಿಗದ ಕಾರಣ ವಾರ್ಡನ್ನು ಡಿಸೆಂಬರ್ ಕೊನೆಗೆ ಮುಚ್ಚಿದರು.